ಊರು ಸುತ್ತುವ ದಾರಿ

ಹುಬ್ಬಳ್ಳಿಯ ನೈಋತ್ಯಕ್ಕೆ, ಕಲಘಟಗಿ ತಾಲ್ಲೂಕಿನಲ್ಲಿರುವ ಊರು ಮಿಶ್ರಿಕೋಟಿ. ಮನೆಯನ್ನು ಮನಿ, ಕೆರೆಯನ್ನು ಕೆರಿ ಎನ್ನುವ ಈ ಕಡೆಯ ಆಡುಮಾತಿನಲ್ಲಿ ಕೋಟೆಯೂ ಕೋಟಿಯೇ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿ; ಪಶ್ಚಿಮಕ್ಕೆ ಕೆರೆ, ಭತ್ತದ ಗದ್ದೆ, ತೇಗ ಬಿದಿರುಗಳ ಕಾಡು. ಬಯಲುಸೀಮೆ ಮಲೆನಾಡಿಗೆ ದಾರಿ ಬಿಡುವ ಇಂಥ ಕಡೆ ಒಂದು ಊರಿನ ಸುತ್ತ ನಡೆದು ಬಂದರೆ ಹೊಲ, ಹಳ್ಳ, ಗುಡ್ಡ, ಕಾಡು ನಾಲ್ಕೂ ಕಾಲಿಗೆ ಸಿಗುತ್ತವೆ.

ಹೊರಟಲ್ಲಿಗೇ ಮರಳಿ ಬರುವ ಇಂಥ ನಡಿಗೆ ಫ್ರಾನ್ಸಿನಲ್ಲಿ ಇಂದು ಜನಪ್ರಿಯ ಹವ್ಯಾಸ. ಚರ್ಚಿನ ಮುಂದಿನ ಚೌಕದಿಂದ ಹೊರಟು, ಹಳ್ಳಿಗಳನ್ನು ದಾಟಿ, ಕಾಡು ಹೊಕ್ಕು, ಗುಡ್ಡ ಹತ್ತಿ ಇಳಿದರೆ ಸಂಜೆಗೆ ಮತ್ತೆ ಅದೇ ಚೌಕ. ದಾರಿಯುದ್ದಕ್ಕೂ ಮರ, ಬಂಡೆ, ಗೋಡೆಗಳ ಮೇಲೆ ಬಣ್ಣದ ಪಟ್ಟಿಗಳು. ದೂರದ ದಾರಿಗೆ ಬಿಳಿ ಮತ್ತು ಕೆಂಪು, ಊರ ಸುತ್ತಿನ ಚಿಕ್ಕ ದಾರಿಗೆ ಹಳದಿ. ಕತ್ತರಿ ಗುರುತು ಕಂಡರೆ ದಾರಿ ತಪ್ಪಿತೆಂದು ಅರ್ಥ. ದೂರದ ದಾರಿಗಳಿಗೆ ಹೀಗೆ ಗುರುತು ಹಾಕಲು ರಾಷ್ಟ್ರೀಯ ಸಮಿತಿಯೊಂದು ಹುಟ್ಟಿದ್ದು 1947ರಲ್ಲಿ. ಆದರೆ ಸುತ್ತುವ ರೂಢಿ ಅದಕ್ಕಿಂತ ಬಹಳ ಹಳೆಯದು. ಸುಮಾರು 470ರಲ್ಲಿ ಭೂಕಂಪ, ಬೆಂಕಿಗಳಿಂದ ಕಂಗೆಟ್ಟ ವಿಯೆನ್ ಪಟ್ಟಣದ ಬಿಷಪ್ ಮಾಮೆರ್ ಮೂರು ದಿನಗಳ ಪ್ರಾರ್ಥನಾ ಮೆರವಣಿಗೆಯನ್ನು ಆರಂಭಿಸಿದ. 511ರ ಓರ್ಲಿಯನ್ಸ್ ಧರ್ಮಸಭೆ ಅದನ್ನು ಇಡೀ ಸೀಮೆಗೆ ವಿಧಿಸಿತು. ಮುಂದೆ ಅದು ಪ್ರತಿ ವಸಂತದಲ್ಲಿ ಪಾದ್ರಿಯೊಡನೆ ಊರವರು ಹೊಲಗಳ ಸುತ್ತ ನಡೆದು ಬೆಳೆಗೆ ಹರಕೆ ಬೇಡುವ ಪದ್ಧತಿಯಾಯಿತು. ಇಂಗ್ಲೆಂಡಿನಲ್ಲಿ ಇದೇ ನಡಿಗೆ ಊರ ಗಡಿಯನ್ನು ಎಳೆಯರಿಗೆ ತೋರಿಸಿಕೊಡುವ ಉಪಾಯವೂ ಆಗಿತ್ತು.

ನಮ್ಮಲ್ಲಿ ಇದಕ್ಕೆ ಸಮನಾದದ್ದು ಚರಗ ಚೆಲ್ಲುವುದು. ಸೀಗಿ ಹುಣ್ಣಿಮೆಗೆ ಮತ್ತು ಎಳ್ಳಮವಾಸ್ಯೆಗೆ ಧಾರವಾಡ ಸೀಮೆಯ ಒಕ್ಕಲು ಮನೆತನಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕರಿಗಡಬು, ಪುಂಡಿಪಲ್ಲೆ ಎಲ್ಲ ಇರುತ್ತದೆ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುತ್ತಾರೆ. ಬಳಿಕ ಒಬ್ಬರು ನೈವೇದ್ಯ ಚೆಲ್ಲುತ್ತ, ಹಿಂದೊಬ್ಬರು ನೀರು ಚಿಮುಕಿಸುತ್ತ ಹೊಲವನ್ನು ಸುತ್ತುತ್ತಾರೆ. ಭೂತಾಯಿಗೆ ಉಣಿಸುವುದು ಇದರ ಉದ್ದೇಶ. ಆದರೆ ಬದುವಿನಗುಂಟ ವರ್ಷಕ್ಕೆರಡು ಸಲ ನಡೆದವನಿಗೆ ಯಾವ ಕಲ್ಲು ಜರುಗಿದೆ, ಯಾವ ಒಡ್ಡು ಒಡೆದಿದೆ, ಯಾರ ನೇಗಿಲು ಒಳಗೆ ಬಂದಿದೆ ಎಂಬುದೂ ತಿಳಿಯುತ್ತದೆ. ಜೊತೆಗೆ ಬಂದ ಮಕ್ಕಳಿಗೆ ಹೊಲದ ನಾಲ್ಕು ಮೂಲೆ ನೆನಪಿನಲ್ಲಿ ಉಳಿಯುತ್ತವೆ.

ಈ ಸುತ್ತು ನಮ್ಮ ಶಾಸನಗಳಲ್ಲಿಯೂ ಇದೆ. ದೇವಾಲಯಕ್ಕೋ ಅಗ್ರಹಾರಕ್ಕೋ ಭೂಮಿ ಬಿಟ್ಟಾಗ ಇಷ್ಟು ಮತ್ತರು ಎಂದು ಹೇಳಿ ಸುಮ್ಮನಾಗುತ್ತಿರಲಿಲ್ಲ. ಹಲವು ಶಾಸನಗಳು ಮೂಡಲಿಂದ ಹೊರಟು ತೆಂಕಲು, ಪಡುವಲು, ಬಡಗಲು ಎಂದು ದಿಕ್ಕು ದಿಕ್ಕಿನ ಸೀಮೆಯನ್ನು ಹೇಳುತ್ತ ಬರುತ್ತವೆ. ನಡುವೆ ಕೆರೆ, ಹಳ್ಳ, ಹುತ್ತ, ಮರ, ನೆಟ್ಟ ಕಲ್ಲು, ಬಟ್ಟೆ. ಹಳಗನ್ನಡದ ಬಟ್ಟೆ ಎಂದರೆ ದಾರಿ. ಅಂದರೆ ಶಾಸನದ ಸೀಮೆ ಕಾಗದದ ಮೇಲಿನ ನಕಾಶೆಯಲ್ಲ, ಕಲ್ಲಿನಲ್ಲಿ ಕೊರೆದ ಒಂದು ನಡಿಗೆ. ಅದನ್ನು ಓದಿಕೊಂಡು ಹೊರಟವನು ಭೂಮಿಯನ್ನು ಸುತ್ತಿ ಬರಬಹುದಿತ್ತು. ಗಡಿಗೆ ನೆಟ್ಟ ಕಲ್ಲುಗಳೂ ಮಾತನಾಡುತ್ತಿದ್ದವು: ಲಿಂಗಮುದ್ರೆಯಿದ್ದರೆ ಶೈವ ದತ್ತಿ, ಮುಕ್ಕೊಡೆಯಿದ್ದರೆ ಬಸದಿಯದು, ವಾಮನಮುದ್ರೆಯಿದ್ದರೆ ವಿಷ್ಣುಗುಡಿಯದೋ ಬ್ರಾಹ್ಮಣರದೋ. ಅಕ್ಷರ ಬಾರದವನೂ ಓದಬಲ್ಲ ಗುರುತು ಅದು. ಈ ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂಬ ಶಾಪ ಕೊನೆಗೆ ಇದ್ದೇ ಇರುತ್ತಿತ್ತು.

ಆಳುವವರು ಬದಲಾದರು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾಯ ಸವಣೂರಿಗೆ ಮುತ್ತಿಗೆ ಹಾಕಿದಾಗ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳೂ ಅಲ್ಲಿದ್ದವು. ನವಾಬನಿಂದ ಪೇಶ್ವೆಗೆ, ನಡುವೆ ಹೈದರ್ ಟಿಪ್ಪುಗಳಿಗೆ, 1818ರ ಹೊತ್ತಿಗೆ ಇಂಗ್ಲಿಷರಿಗೆ ಎಂದು ಸೀಮೆ ಕೈ ಬದಲಿಸಿತು. ಒಕ್ಕಲಿಗನ ಮಟ್ಟಿಗೆ ದೊಡ್ಡ ಬದಲಾವಣೆ ಬಂದದ್ದು 1840ರ ದಶಕದಲ್ಲಿ, ವಿಂಗೇಟನ ಮೋಜಣಿಯೊಡನೆ. ಮೋಜಣಿದಾರರು 33 ಅಡಿಯ ಸರಪಳಿ ಹಿಡಿದು ಹೊಲ ಹೊಲ ಸುತ್ತಿದರು. ಸರಪಳಿಯನ್ನು ರೂಪಾಯಿಯಂತೆ 16 ಆಣೆಗಳಾಗಿ ಭಾಗಿಸಿದ್ದರು. ಸರಪಳಿಯುದ್ದದ ಒಂದು ಚೌಕವೇ ಗುಂಟೆ. ಅಂಥ 40 ಸೇರಿದರೆ ಎಕರೆ. ಇಂದಿಗೂ ನಾವು ಎಣಿಸುವುದು ಇದೇ ಲೆಕ್ಕದಲ್ಲಿ. ಹೀಗೆ ನಡಿಗೆ ನಕಾಶೆಯಾಯಿತು. ಗ್ರಾಮ ನಕಾಶೆಯಲ್ಲಿ ಎರಡು ಚುಕ್ಕೆಗೆರೆ ಬಂಡಿದಾರಿ, ಒಂದು ಚುಕ್ಕೆಗೆರೆ ಕಾಲುದಾರಿ.

ನಕಾಶೆ ಬಂದ ಮೇಲೆ ಸುತ್ತಿ ನೋಡುವ ಕೆಲಸ ಮುಗಿಯಿತೆಂದು ನಾವು ತಿಳಿದೆವು. ತೊಡಕು ಹುಟ್ಟಿದ್ದು ಇಲ್ಲಿಯೇ. ಬಂಡಿ ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ದಾರಿಯ ಮೇಲೂ ನೇಗಿಲು ಹರಿಯಿತು. ಚುಕ್ಕೆಗೆರೆ ನಕಾಶೆಯಲ್ಲಿ ಉಳಿಯಿತು, ನೆಲದಲ್ಲಿ ಅಳಿಯಿತು. ಹಿಂದಿನ ಹೊಲದವನ ಫಸಲು ಮುಂದಿನ ಹೊಲದವನ ಮರ್ಜಿಗೆ ಬಿದ್ದಿತು. ಸುಗ್ಗಿಯಲ್ಲಿ ದಾರಿಯ ಜಗಳ ಹುಟ್ಟದ ಊರು ಅಪರೂಪ.

ಕಾನೂನು ಇಲ್ಲದೆ ಇಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೆಯ ಕಲಮಿನಂತೆ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರಕಾರದ ಸ್ವತ್ತು. ಖಾಸಗಿ ಹೊಲದೊಳಗಿನ ದಾರಿಯ ಮಾತು ಬೇರೆ. 1882ರ ಅನುಭೋಗದ ಹಕ್ಕುಗಳ ಕಾಯ್ದೆಯಂತೆ, ಬೇರೆಯವರ ನೆಲದಲ್ಲಿ ಯಾರ ಅಪ್ಪಣೆಯೂ ಇಲ್ಲದೆ, ಹಕ್ಕೆಂದು ಬಹಿರಂಗವಾಗಿ 20 ವರ್ಷ ಎಡೆಬಿಡದೆ ನಡೆದರೆ ದಾರಿಯ ಹಕ್ಕು ಹುಟ್ಟುತ್ತದೆ. 20 ವರ್ಷ ಸತತವಾಗಿ ನಡೆಯದೆ ಬಿಟ್ಟರೆ ಆ ಹಕ್ಕು ಅಳಿಯುತ್ತದೆ. ನಡೆದರೆ ದಾರಿ, ಬಿಟ್ಟರೆ ಬೀಳು ಎಂಬ ಹಳ್ಳಿಯ ತಿಳಿವಳಿಕೆಗೂ ಕಾಯ್ದೆಗೂ ಇಲ್ಲಿ ಹೆಚ್ಚು ಅಂತರವಿಲ್ಲ.

ಫ್ರಾನ್ಸ್ ಕಂಡುಕೊಂಡ ಪಾಠವೂ ಇದೇ ಬಗೆಯದು. ಅಲ್ಲಿ 1983ರ ಕಾನೂನು ಪ್ರತಿ ಜಿಲ್ಲೆಯೂ ನಡೆದಾಡುವ ದಾರಿಗಳ ಪಟ್ಟಿ ಮಾಡಬೇಕೆಂದು ಹೇಳಿತು. ಪಟ್ಟಿಗೆ ಸೇರಿದ ಗ್ರಾಮದಾರಿಯನ್ನು ಮಾರಬೇಕಾದರೆ ನಡಿಗೆ ಕಡಿಯದಂತೆ ಬದಲಿ ದಾರಿ ತೋರಿಸಬೇಕು. ರಜೆಯ ದಿನದ ನಡಿಗೆಗಾರರು ಮೋಜಿಗೆ ಸುತ್ತುತ್ತ, ತಮಗೆ ತಿಳಿಯದೆಯೇ ದಾರಿ ಕಾಯುವವರೂ ಆಗಿದ್ದಾರೆ.

ಮಿಶ್ರಿಕೋಟಿಯಂಥ ಊರಿಗೆ ಬಣ್ಣದ ಪಟ್ಟಿಗಳು ಬೇಕೆಂದು ಇದರ ಅರ್ಥವಲ್ಲ. ಗ್ರಾಮ ಪಂಚಾಯಿತಿಯವರು, ಶಾಲೆಯ ಹಿರಿಯ ಮಕ್ಕಳು, ನಾಲ್ಕು ಮಂದಿ ಹಳಬರು ಊರ ನಕಾಶೆ ಹಿಡಿದು ವರ್ಷಕ್ಕೊಮ್ಮೆ ಗಡಿ ಸುತ್ತಿದರೆ ಸಾಕು. ಯಾವ ದಾರಿ ಉಳಿದಿದೆ, ಯಾವ ಬಾಂದಗಲ್ಲು ಮಾಯವಾಗಿದೆ, ಯಾವ ಕೆರೆಯ ಅಂಗಳ ಹೊಲವಾಗಿದೆ ಎಂಬುದು ಒಂದೇ ದಿನದಲ್ಲಿ ಕಣ್ಣಿಗೆ ಬಿದ್ದೀತು. ಜಗಳ ಕೋರ್ಟಿಗೆ ಹೋಗುವ ಮುನ್ನ ಹತ್ತು ಜನರ ಎದುರು ತಿಳಿಯುವುದು ಲೇಸು. ಅದಕ್ಕೆ ಹೊಸ ಹಬ್ಬವನ್ನೂ ಹುಡುಕಬೇಕಿಲ್ಲ. ಚರಗದ ಬುಟ್ಟಿ ಹೊತ್ತು ಹೇಗೂ ಹೊಲಕ್ಕೆ ಹೋಗುವ ದಿನಗಳು ವರ್ಷಕ್ಕೆ ಎರಡಿವೆ.