ದೂರು ಕೊಟ್ಟವಳ ಚರಿತ್ರೆ

ಚರಿತ್ರೆ ಅಂದರೆ ರಾಜರ ಹೆಸರು, ಯುದ್ಧದ ಇಸವಿ ಅಂತ ನಮಗೆ ಬಾಯಿಪಾಠ ಮಾಡಿಸಿದರು. ಗೆದ್ದವರ ಚರಿತ್ರೆ ಉಂಟು, ಕೆಲವು ಸಲ ಸೋತವರದ್ದೂ ಉಂಟು. ಆದರೆ ದೂರು ಕೊಟ್ಟವರ ಚರಿತ್ರೆ ಯಾವ ಪಠ್ಯದಲ್ಲೂ ಇಲ್ಲ. ಅದರಲ್ಲೂ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿ, ಅಲ್ಲಿಯ ಗುರುವಿನ ಮೇಲೇ ದೂರು ಕೊಟ್ಟ ಹೆಣ್ಣುಮಗಳ ಚರಿತ್ರೆಯನ್ನು ಯಾರು ಬರೀತಾರೆ? ಊರಿನವರು ಅವಳ ಬಗ್ಗೆ ಆಡಿದ ಮಾತೇ ಚರಿತ್ರೆಯಾಗಿ ಉಳಿಯುತ್ತದೆ.

ಈ ಚರಿತ್ರೆಯ ಒಂದು ಎಳೆಯನ್ನು ನಾವು ಅಮೆರಿಕದಿಂದ ಹಿಡಿಯುತ್ತೇವೆ. ಅಮೆರಿಕ ಅಂದ ಕೂಡಲೇ ಮುಖ ಸಿಂಡರಿಸುವ ಗೆಳೆಯರು ಸ್ವಲ್ಪ ತಾಳಬೇಕು. 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ ಹುಟ್ಟಿದಾಗ ಆ ಹೆಸರು ಬಂದದ್ದು ಅಲ್ಲಿನ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. 1966ರಲ್ಲಿ ಆ ಪಕ್ಷ ಕಟ್ಟಿದ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಇಬ್ಬರೂ ಒಬ್ಬರಿಗೊಬ್ಬರು ಪರಿಚಯವಾದದ್ದು ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನಲ್ಲಿ, ಈಗ ಮೆರಿಟ್ ಕಾಲೇಜು ಅನ್ನಿಸಿಕೊಳ್ಳುವ ಕಡೆ. ಅದು ಹಾರ್ವರ್ಡ್ ಅಲ್ಲ, ಯೇಲ್ ಅಲ್ಲ. ಎರಡು ವರ್ಷದ ಓದಿನ ಕಮ್ಯುನಿಟಿ ಕಾಲೇಜು.

ಕಮ್ಯುನಿಟಿ ಕಾಲೇಜು ಅಂದರೆ ಏನು? 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬಲ್ಲಿ ಇಂಥ ಮೊದಲ ಸಾರ್ವಜನಿಕ ಕಾಲೇಜು ಶುರುವಾಯಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ ಆ ಹೆಸರನ್ನು ಬಳಕೆಗೆ ತಂದಿತು. ಅರವತ್ತರ ದಶಕದಲ್ಲಿ ಅವು ಊರೂರಿಗೂ ಹಬ್ಬಿದವು. ಫೀಜು ಕಡಿಮೆ. ಬಂದವರಿಗೆಲ್ಲ ಬಾಗಿಲು ತೆರೆದದ್ದು. ಹಗಲು ದುಡಿದು ಸಂಜೆ ಓದುವವರು, ಮಗು ಕಂಕುಳಲ್ಲಿಟ್ಟುಕೊಂಡು ನರ್ಸಿಂಗ್ ಕಲಿಯುವವರು, ಕಪ್ಪು ಜನ, ಸ್ಪ್ಯಾನಿಶ್ ಮಾತಾಡುವ ವಲಸೆಯವರು ಅಲ್ಲಿಗೆ ಬರುತ್ತಾರೆ. ಇವತ್ತು ಆ ದೇಶದಲ್ಲಿ ಇಂಥವು ಸುಮಾರು ಸಾವಿರ ಇವೆ, ಓದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಯೇಲ್, ಹಾರ್ವರ್ಡ್ ಅವರ ಅಗ್ರಹಾರವಾದರೆ ಇವು ಅವರ ಕೇರಿಯ ಕಾಲೇಜುಗಳು. ಹೋಲಿಕೆ ಪೂರ್ತಿ ಕೂಡುವುದಿಲ್ಲ ಅಂತ ನಮಗೂ ಗೊತ್ತು, ಇರಲಿ.

ಬಾಗಿಲು ತೆರೆದಿದೆ ಅಂದ ಮಾತ್ರಕ್ಕೆ ಒಳಗೆ ಹೋದವಳಿಗೆ ನೆಮ್ಮದಿ ಉಂಟೇ? ಇದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಪಾಲಿ ಮರ್ರಿ ಎಂಬ ಕಪ್ಪು ಹೆಂಗಸಿನ ಕತೆ ತಿಳಿಯಬೇಕು. 1938ರಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರು. ನೀನು ಕಪ್ಪು, ಆಗೋದಿಲ್ಲ ಅಂದರು. ಕಪ್ಪು ಜನರದೇ ಆದ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಹೋದರೆ, ಹೆಂಗಸರು ಲಾ ಕಾಲೇಜಿಗೆ ಯಾಕೆ ಬರ್ತಾರೋ ಅಂತ ಮೇಷ್ಟ್ರೊಬ್ಬರು ತರಗತಿಯಲ್ಲೇ ನಗಾಡಿದರು. ಅವರು 1944ರಲ್ಲಿ ತರಗತಿಗೇ ಮೊದಲಿಗರಾಗಿ ಪಾಸಾದರು. ಅಲ್ಲಿ ಮೊದಲು ಬಂದವರು ಮುಂದಿನ ಓದಿಗೆ ಹಾರ್ವರ್ಡಿಗೆ ಹೋಗುವುದು ರೂಢಿ. ಹಾರ್ವರ್ಡ್ ನೀನು ಹೆಂಗಸು, ಆಗೋದಿಲ್ಲ ಅಂದಿತು.

ಇದನ್ನು ನಿಧಾನವಾಗಿ ಓದಬೇಕು. ಒಂದೇ ಜೀವ, ಎರಡು ಬಾಗಿಲು. ಒಂದು ಕಡೆ ಬಣ್ಣದ ಅಗುಳಿ, ಇನ್ನೊಂದು ಕಡೆ ಲಿಂಗದ ಅಗುಳಿ. ಕಪ್ಪು ಜನರನ್ನು ಬೇರೆ ಕೂರಿಸುವ ಕಾನೂನುಗಳಿಗೆ ಅಲ್ಲಿ 'ಜಿಮ್ ಕ್ರೋ' ಅಂತ ಹೆಸರು. ಮರ್ರಿ ಅದಕ್ಕೊಂದು ಜೋಡಿ ಹೆಸರು ಕೊಟ್ಟರು: 'ಜೇನ್ ಕ್ರೋ'. ತನ್ನ ಜನರ ನಡುವೆಯೇ ಹೆಣ್ಣಾಗಿ ಅನುಭವಿಸಿದ ಅಸ್ಪೃಶ್ಯತೆಗೆ ಇಟ್ಟ ಹೆಸರು ಅದು. 1970ರಲ್ಲಿ ಎಡಿತ್ ಗ್ರೀನ್ ಎಂಬ ಸಂಸದೆ ಹೆಂಗಸರ ಮೇಲಿನ ತಾರತಮ್ಯದ ಬಗ್ಗೆ ವಿಚಾರಣೆ ನಡೆಸಿದಾಗ ಇದೇ ಮರ್ರಿ ಬಂದು ಸಾಕ್ಷಿ ನುಡಿದರು.

ಆ ವಿಚಾರಣೆಗೆ ಇಂಬು ಕೊಟ್ಟವರು ಬರ್ನಿಸ್ ಸ್ಯಾಂಡ್ಲರ್. 1969ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅರೆಕಾಲಿಕ ಪಾಠ ಮಾಡುತ್ತಿದ್ದರು. ಖಾಯಂ ಹುದ್ದೆ ಖಾಲಿಯಿದ್ದರೂ ಇವರನ್ನು ಕೇಳಲಿಲ್ಲ. ಯಾಕೆ ಅಂದರೆ, ಹೆಂಗಸಿಗೆ ಇರಬೇಕಾದ್ದಕ್ಕಿಂತ ನಿಮ್ಮ ಜೋರು ಹೆಚ್ಚಾಯಿತು ಅಂದರಂತೆ. ಈ ಮಾತು ನಮ್ಮ ಸ್ಟಾಫ್ ರೂಮುಗಳಲ್ಲೂ ಕೇಳಿದ್ದೀವಲ್ಲ! ಸ್ಯಾಂಡ್ಲರ್ ಅಳುತ್ತ ಕೂರಲಿಲ್ಲ. ಸರ್ಕಾರಿ ವರದಿಯೊಂದರ ಅಡಿಟಿಪ್ಪಣಿಯಲ್ಲಿ ದಾರಿ ಹುಡುಕಿ, ಸುಮಾರು 250 ಕಾಲೇಜು ವಿಶ್ವವಿದ್ಯಾಲಯಗಳ ಮೇಲೆ ದೂರು ಬರೆದರು. ವೈದ್ಯಕೀಯ ಕಾಲೇಜುಗಳು ಸೇರಿಸಿಕೊಳ್ಳದೆ ಕಾನೂನಿನ ಕಡೆ ತಿರುಗಿದ್ದ, ಹವಾಯಿಯ ಸಂಸದೆ ಪ್ಯಾಟ್ಸಿ ಮಿಂಕ್ ಜೊತೆ ನಿಂತರು. 1972ರ ಜೂನ್ 23ರಂದು ಕಾನೂನಾಯಿತು. 'ಟೈಟಲ್ ನೈನ್' ಅಂತ ಅದರ ಹೆಸರು. ಮೂಲ ವಾಕ್ಯ ಇಂಗ್ಲಿಷಿನಲ್ಲಿ ಬರೀ 37 ಪದ. ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಯಾವ ಶಿಕ್ಷಣದಲ್ಲೂ ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡಕೂಡದು, ಸವಲತ್ತು ತಪ್ಪಿಸಕೂಡದು, ತಾರತಮ್ಯ ಮಾಡಕೂಡದು. ಅಷ್ಟೇ.

ಆ 37 ಪದಗಳಲ್ಲಿ ಲೈಂಗಿಕ ಕಿರುಕುಳ ಅನ್ನುವ ಮಾತೇ ಇಲ್ಲ. ಇರುವುದಾದರೂ ಹೇಗೆ? ಆ ಮಾತು ಇನ್ನೂ ಚಲಾವಣೆಗೆ ಬಂದಿರಲಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರ ಕಚೇರಿಯಲ್ಲಿ ಕಾರ್ಮಿಟಾ ವುಡ್ ಎಂಬ ಹೆಂಗಸು ಕೆಲಸ ಮಾಡುತ್ತಿದ್ದಳು. ಮೇಲಿನವನೊಬ್ಬನ ಕಾಟ ತಾಳಲಾರದೆ 1974ರಲ್ಲಿ ಕೆಲಸ ಬಿಟ್ಟಳು. ನಿರುದ್ಯೋಗ ಭತ್ಯೆ ಕೇಳಿದರೆ, ನೀನು ಬಿಟ್ಟದ್ದು ಸ್ವಂತ ಕಾರಣಕ್ಕೆ, ಕೊಡೋದಿಲ್ಲ ಅಂದರು. ಆಕೆಯ ನೆರವಿಗೆ ನಿಂತ ಹೆಂಗಸರು 1975ರಲ್ಲಿ ಒಟ್ಟಿಗೆ ಕೂತು, ಇದಕ್ಕೆ ಏನಂತ ಹೆಸರಿಡೋಣ ಅಂತ ಯೋಚಿಸಿ 'ಲೈಂಗಿಕ ಕಿರುಕುಳ' ಎಂಬ ಮಾತಿಗೆ ಬಂದು ನಿಂತರು. ಆ ವರ್ಷದ ಮೇ ತಿಂಗಳಲ್ಲಿ ಇಥಾಕಾ ಊರಿನಲ್ಲಿ ಸಭೆ ಕರೆದರು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಾಯಿಬಿಟ್ಟರು.

ಹೆಸರಿಲ್ಲದ ನೋವಿಗೆ ದೂರು ಬರೆಯಲಾಗದು. ನಮ್ಮಲ್ಲೂ 'ಚುಡಾಯಿಸೋದು' ಅಂತ ಒಂದು ಮಾತಿದೆ. ಎಷ್ಟು ಹಗುರ, ಎಷ್ಟು ತಮಾಷೆ! ಬಸ್ ಸ್ಟ್ಯಾಂಡಿನಿಂದ ಕಾಲೇಜಿನವರೆಗೆ ಒಬ್ಬ ಹುಡುಗಿಯ ಓದನ್ನೇ ನಿಲ್ಲಿಸಬಲ್ಲ ಹಿಂಸೆಗೆ ಆಟದ ಹೆಸರಿಟ್ಟವರು ಗಂಡಸರೇ ಇರಬೇಕು.

ಹೆಸರು ಬಂತು. ಅದನ್ನು ಕಾಲೇಜಿನೊಳಕ್ಕೆ ಎಳೆದು ತಂದವರು ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು. 1977ರಲ್ಲಿ ಮೊಕದ್ದಮೆ ಹೂಡಿದರು. ಒಬ್ಬೊಬ್ಬರ ಹಕ್ಕನ್ನೂ ಕೋರ್ಟು ತಳ್ಳಿಹಾಕಿ ಕಡೆಗೆ ಉಳಿದವಳು ಪಮೇಲಾ ಪ್ರೈಸ್, ಕಪ್ಪು ಹುಡುಗಿ. ತನ್ನ ಜೊತೆ ಮಲಗಿದರೆ 'ಎ' ಕೊಡುತ್ತೇನೆ ಅಂದ, ಒಪ್ಪದ್ದಕ್ಕೆ 'ಸಿ' ಕೊಟ್ಟ ಅನ್ನೋದು ಅಧ್ಯಾಪಕನ ಮೇಲೆ ಆಕೆಯ ಆರೋಪ. ಆ ವರ್ಷದ ಡಿಸೆಂಬರಿನಲ್ಲಿ ಕೋರ್ಟು ಒಪ್ಪಿಕೊಂಡಿತು: ಅಂಕಕ್ಕೆ ದೇಹ ಕೇಳಿದರೆ ಅದು ಲಿಂಗ ತಾರತಮ್ಯವೇ, ಟೈಟಲ್ ನೈನ್ ಅದಕ್ಕೂ ತಾಗುತ್ತದೆ. ಆದರೆ 1979ರ ವಿಚಾರಣೆಯಲ್ಲಿ ಆಕೆ ಹೇಳಿದ ಘಟನೆ ರುಜುವಾಗಲಿಲ್ಲ ಅಂದರು. 1980ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಪ್ರೈಸ್ ಸೋತಳು. ಆಕೆ ಸೋತ ಮೊಕದ್ದಮೆಯಿಂದ ಯೇಲ್‌ನಲ್ಲಿ ದೂರು ಕೇಳುವ ವ್ಯವಸ್ಥೆ ಬಂತು, ಬೇರೆ ಕಾಲೇಜುಗಳಿಗೂ ಹಬ್ಬಿತು. ಮುಂದೆ ವಕೀಲಳಾಗಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಗೆದ್ದಳು, ಅದು 2002ರ ಮಾತು.

ಕಚೇರಿ ಕಾರ್ಖಾನೆಗಳ ಕಿರುಕುಳದ ಮೊದಲ ಮೊಕದ್ದಮೆಗಳಲ್ಲೂ ಮುಂದೆ ನಿಂತವರು ಬಹುಪಾಲು ಕಪ್ಪು ಹೆಂಗಸರು. 1976ರ ಡಯೇನ್ ವಿಲಿಯಮ್ಸ್, 1977ರ ಪಾಲೆಟ್ ಬಾರ್ನ್ಸ್, 1986ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋದ ಬ್ಯಾಂಕ್ ನೌಕರಳು ಮೆಶೆಲ್ ವಿನ್ಸನ್. ಕಾರಣ ಸುಲಭ. ಮೈಮೇಲೆ ಕೈಹಾಕುವುದು ಒಲವಲ್ಲ, ಒಡೆತನ ಅನ್ನೋದು ಗುಲಾಮಗಿರಿ ಕಂಡ ಮನೆತನಗಳಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ಗೌಡರ ಕಣದಲ್ಲಿ ದುಡಿದ ನಮ್ಮ ಅವ್ವಂದಿರಿಗೂ ತಿಳಿಯಬೇಕಾಗಿಲ್ಲ.

ಕಾನೂನು ಬಂದ ಮೇಲೆ ಸಂಸ್ಥೆಗಳು ಏನು ಮಾಡಿದವು? 1975ರ ನಿಯಮಗಳು ಪ್ರತಿ ಕಾಲೇಜೂ ಒಬ್ಬ ಜವಾಬ್ದಾರಿ ಅಧಿಕಾರಿಯನ್ನು, ದೂರು ಕೇಳುವ ಕ್ರಮವನ್ನು ಇಟ್ಟುಕೊಳ್ಳಬೇಕು ಅಂದಿದ್ದವು. 1992ರಲ್ಲಿ ಕಿರುಕುಳಕ್ಕೊಳಗಾದವರು ಪರಿಹಾರದ ಹಣ ಕೇಳಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಆದರೆ 1998ರಲ್ಲಿ ಟೆಕ್ಸಾಸಿನ ಹೈಸ್ಕೂಲು ಹುಡುಗಿಯೊಬ್ಬಳ ಮೊಕದ್ದಮೆಯಲ್ಲಿ, ಕ್ರಮ ಕೈಗೊಳ್ಳಬಲ್ಲ ಅಧಿಕಾರಿಗೆ ವಿಷಯ ನಿಜವಾಗಿ ಗೊತ್ತಿದ್ದು, ಗೊತ್ತಿದ್ದೂ ಉದ್ದೇಶಪೂರ್ವಕ ಸುಮ್ಮನಿದ್ದರೆ ಮಾತ್ರ ಸಂಸ್ಥೆ ಹಣ ತೆರಬೇಕು ಅಂದಿತು. ಇದರ ಒಳಗುಟ್ಟು ನೋಡಿ. ಗೊತ್ತಾದರೆ ಹೊಣೆ, ಗೊತ್ತಿಲ್ಲದಿದ್ದರೆ ಬಚಾವು. ಅಂದ ಮೇಲೆ ಗೊತ್ತುಮಾಡಿಕೊಳ್ಳದಿರುವುದೇ ಆಡಳಿತದ ಜಾಣತನ ಆಗುತ್ತದೆ. ಯಾವ ಪ್ರಿನ್ಸಿಪಾಲರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ.

ಆಮೇಲೆ ಸರ್ಕಾರ ಬದಲಾದಂತೆಲ್ಲ ನಿಯಮವೂ ಬದಲಾಯಿತು. 2011ರಲ್ಲಿ ಬಿಗಿ ಮಾಡಿದರು, 2017ರಲ್ಲಿ ಅದನ್ನು ಹಿಂತೆಗೆದರು. 2020ರ ನಿಯಮ ಕಾಲೇಜುಗಳಲ್ಲಿ ನೇರ ವಿಚಾರಣೆ, ಪಾಟೀಸವಾಲು ಎಲ್ಲ ಕಡ್ಡಾಯ ಮಾಡಿತು. 2024ರಲ್ಲಿ ತಂದ ಹೊಸ ನಿಯಮವನ್ನು 2025ರ ಜನವರಿಯಲ್ಲಿ ಕೋರ್ಟ್ ರದ್ದುಮಾಡಿ, ಮತ್ತೆ 2020ರದ್ದೇ ನಿಂತಿತು. ಯೇಲ್‌ನಂಥ ಶ್ರೀಮಂತ ಕಡೆ ಇದಕ್ಕೆಲ್ಲ ವಕೀಲರ ದಂಡೇ ಇರುತ್ತದೆ. ಕಮ್ಯುನಿಟಿ ಕಾಲೇಜಿನಲ್ಲಿ? ಅಲ್ಲಿ ಪಾಠ ಮಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅರೆಕಾಲಿಕರು, ಮುಂದಿನ ಸೆಮಿಸ್ಟರಿಗೆ ಇರುತ್ತಾರೋ ಇಲ್ಲವೋ. ಓದುವವಳು ಪಾಠ ಮುಗಿದ ಕೂಡಲೇ ಕೆಲಸಕ್ಕೆ ಓಡುವವಳು. ಆಸ್ಪತ್ರೆಗೆ, ಗ್ಯಾರೇಜಿಗೆ ತರಬೇತಿಗೆ ಕಳಿಸಿದರೆ ಅಲ್ಲಿ ಕಾಟ ಕೊಡುವವನು ಕಾಲೇಜಿನ ನೌಕರನೂ ಅಲ್ಲ. ಅಂಥವಳು ಹೆಚ್ಚಾಗಿ ದೂರು ಕೊಡುವುದಿಲ್ಲ, ಕಾಲೇಜು ಬಿಡುತ್ತಾಳೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಅಂತ ಬೀಳುತ್ತದೆ, ಕಾರಣದ ಕಲಮು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

ಈಗ ನಮ್ಮ ಕಡೆಗೆ. 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಪಾಠ ಮಾಡಲು ಹೊರಟಾಗ ಬೀದಿಯವರು ಎಸೆದದ್ದು ಕಲ್ಲು, ಸಗಣಿ. ಅಲ್ಲಿಂದ 1972ಕ್ಕೆ ಬನ್ನಿ. ಪ್ಯಾಂಥರ್ ಹುಟ್ಟಿದ ವರ್ಷ, ಟೈಟಲ್ ನೈನ್ ಬಂದ ವರ್ಷ. ಅದೇ ವರ್ಷ ಮಾರ್ಚ್ 26ರಂದು ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸರೇ ಎರಗಿದರು. 1978ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಟ್ಟಿತು. 1979ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಮ್ವಾರ್, ರಘುನಾಥ್ ಕೇಳ್ಕರ್ ಎಂಬ ನಾಲ್ವರು ಕಾನೂನು ಮೇಷ್ಟ್ರುಗಳು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಬೀದಿಗಿಳಿದ ಹೆಂಗಸರಿಂದಾಗಿ 1983ರಲ್ಲಿ ಕಾನೂನು ತಿದ್ದಬೇಕಾಯಿತು.

1992ರಲ್ಲಿ ರಾಜಸ್ಥಾನದ ಭಟೇರಿ ಹಳ್ಳಿಯ ಭಂವರಿ ದೇವಿ, ಜಾತಿಯಲ್ಲಿ ಕುಂಬಾರಳು, ಸರ್ಕಾರದ ಮಹಿಳಾ ಕಾರ್ಯಕ್ರಮದ 'ಸಾಥಿನ್'. ಬಾಲ್ಯವಿವಾಹ ತಡೆಯಲು ಹೋದದ್ದೇ ಆಕೆಯ ಅಪರಾಧ. ಅದಕ್ಕೆ ಗುಂಪು ಅತ್ಯಾಚಾರದ ಶಿಕ್ಷೆ. 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟು ಕೊಟ್ಟ ಕಾರಣಗಳಲ್ಲಿ ಒಂದು ಕೇಳಿ: ಮೇಲ್ಜಾತಿಯವರು ಕೀಳುಜಾತಿಯವಳನ್ನು ಮುಟ್ಟಲಾರರು! ಅಗಸೆಬಾಗಿಲ ಬಳಿ ಮುಟ್ಟೋದಿಲ್ಲ ಸರಿ, ಗದ್ದೆಯಲ್ಲಿ? ಆಕೆಯ ಈ ಪ್ರಕರಣ ಹಿಡಿದು ವಿಶಾಖಾ ಮತ್ತಿತರ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ಕೆಲಸದ ಜಾಗದ ಕಿರುಕುಳ ತಡೆಯಲು ಮಾರ್ಗಸೂಚಿ ಬಂತು. ಅದರ ಮೇಲೆ 2013ರ ಕಾಯಿದೆ ಬಂತು. ಅದರ ಮೇಲೆ ಕಾಲೇಜುಗಳಿಗೆಂದೇ ಯುಜಿಸಿ ನಿಯಮ 2016ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಬೆಂಗಳೂರಿನ ಎಂ.ಜಿ. ರಸ್ತೆಯ ಕಾಲೇಜಿನ ಹುಡುಗಿ ಇವತ್ತು ಸಮಿತಿಗೆ ಅರ್ಜಿ ಕೊಡುವುದಾದರೆ, ಆ ಅರ್ಜಿಯ ಬೇರು ಭಟೇರಿಯ ಕುಂಬಾರಗಿತ್ತಿಯ ಕಷ್ಟದಲ್ಲಿದೆ. ಇದನ್ನು ಯಾವ ಓರಿಯೆಂಟೇಷನ್ ಭಾಷಣದಲ್ಲೂ ಹೇಳೋದಿಲ್ಲ.

ನಮ್ಮ ಚಳವಳಿಯ ಗಂಡಸರಿಗೂ ಒಂದು ಮಾತು. ಬ್ಲ್ಯಾಕ್ ಪ್ಯಾಂಥರನ್ನು 1974ರಿಂದ 1977ರವರೆಗೆ ಮುನ್ನಡೆಸಿದವಳು ಎಲೇನ್ ಬ್ರೌನ್. ಪಕ್ಷದೊಳಗಿನ ಗಂಡಸ್ತನ ತನ್ನನ್ನು ಹೇಗೆ ಹೊರದಬ್ಬಿತು ಅಂತ ಆಕೆ 1992ರ ಆತ್ಮಕತೆಯಲ್ಲಿ ಬರೆದಿದ್ದಾಳೆ. ಬೆಂಗಳೂರಿನ ರೂತ್ ಮನೋರಮಾ 1995ರಲ್ಲಿ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಕಟ್ಟಬೇಕಾಗಿ ಬಂದದ್ದು ಯಾಕೆ ಅಂತ ನಮ್ಮ ಸಭೆಗಳಲ್ಲಿ ಎಷ್ಟು ಸಲ ಚರ್ಚೆಯಾಗಿದೆ? ಹಾಸ್ಟೆಲಿನ ಸಂಗಾತಿಯ ಮೇಲೆ ಹುಡುಗಿ ಬಾಯಿಬಿಟ್ಟರೆ 'ಚಳವಳಿ ಒಡೀತಾಳೆ' ಅನ್ನುವ ಬಾಯಿ ಮೇಲ್ಜಾತಿಯದೇ ಆಗಬೇಕಿಲ್ಲ.

ಇನ್ನು ನಿಯಮ. ಹಳ್ಳಿಗಾಡಿನ ಮೇಷ್ಟ್ರುಗಳು, ವಿದ್ಯಾರ್ಥಿಗಳು ಇದನ್ನು ಬರೆದಿಟ್ಟುಕೊಳ್ಳಲಿ. ಆಂತರಿಕ ದೂರು ಸಮಿತಿಗೆ ಹಿರಿಯ ಅಧ್ಯಾಪಕಿ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು, ಹೊರಗಿನವರೊಬ್ಬರು. ವಿದ್ಯಾರ್ಥಿಗಳ ವಿಷಯ ಬಂದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳು. ಮೇಲಿನ ಆಡಳಿತ ಹುದ್ದೆಯಲ್ಲಿರುವವರು ಸದಸ್ಯರಾಗಕೂಡದು. ನಾವು ಓದಿದ ಕಾಲೇಜಿನ ಬೋರ್ಡಿನಲ್ಲಿ ಸಮಿತಿಯ ಹೆಸರುಗಳಿದ್ದವು. ಅಧ್ಯಕ್ಷೆ ವರ್ಗವಾಗಿ ಎರಡು ವರ್ಷ ಆಗಿತ್ತು, ಹೊರಗಿನ ಸದಸ್ಯರ ಫೋನ್ ನಂಬರಿನ ಕೊನೆಯ ಎರಡು ಅಂಕಿ ಗೆದ್ದಲು ತಿಂದಿತ್ತು, ವಿದ್ಯಾರ್ಥಿಗಳ ಹೆಸರಿನ ಜಾಗ ಖಾಲಿ. ನ್ಯಾಕ್ ತಂಡ ಬರುವ ವಾರ ಮಾತ್ರ ಅದಕ್ಕೆ ಹೊಸ ಗಾಜು ಹಾಕಿದರು.

ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಲ್ಲಿಯತನಕ ಆರೋಪಿ ಅಧ್ಯಾಪಕ ಅವಳ ಉತ್ತರ ಪತ್ರಿಕೆ, ಇಂಟರ್ನಲ್ ಅಂಕ ಮುಟ್ಟದಂತೆ ಮಾಡಲು ಸಮಿತಿ ಶಿಫಾರಸು ಮಾಡಬಹುದು. ಇದು ಬಹಳ ದೊಡ್ಡ ಮಾತು; ಯಾಕೆಂದರೆ ನಮ್ಮ ಹುಡುಗಿಯರ ಬಾಯಿ ಕಟ್ಟಿರುವುದು ಆ ಇಂಟರ್ನಲ್ ಅಂಕದ ದಾರದಿಂದಲೇ. ದೂರು ರುಜುವಾಗಲಿಲ್ಲ ಅಂದ ಮಾತ್ರಕ್ಕೆ ಅದು ಸುಳ್ಳು ದೂರು ಆಗುವುದಿಲ್ಲ, ಪಮೇಲಾ ಪ್ರೈಸಳನ್ನು ನೆನೆಯಿರಿ. ತಾನೇ ಕೊಡಲಾಗದ ಸ್ಥಿತಿಯಲ್ಲಿದ್ದರೆ ಗೆಳತಿ, ಸಹಪಾಠಿ, ಬಂಧುಗಳು ಅವಳ ಪರವಾಗಿ ಕೊಡಬಹುದು. ಘಟನೆ ನಡೆದು ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳು ಕೂಡಿಸಬಹುದು. ಸೆಮಿಸ್ಟರ್ ರಜೆಗೆ ಊರಿಗೆ ಹೋದವಳು, ರಾಗಿ ಕೊಯ್ಲಿಗೆ ನಿಂತವಳು, ಮನೆಯವರಿಗೆ ಹೇಳಲೋ ಬೇಡವೋ ಅಂತ ಒಲೆ ಮುಂದೆ ಕೂತವಳು ಆ ದಿನಗಳನ್ನು ಎಣಿಸುತ್ತಿರುವುದಿಲ್ಲ. ಎಣಿಸಿ ಹೇಳುವವರು ಯಾರಾದರೂ ಆ ಊರಿನಲ್ಲಿ ಇರಬೇಕು.