ಮಕ್ಕಳ ರಕ್ತದಲ್ಲಿ ಲೋಹ: ನಾವು ತಿಳಿಯಬೇಕಾದ ಇತಿಹಾಸ



ಇತಿಹಾಸವೆಂದರೆ ಕೇವಲ ರಾಜ ಮಹಾರಾಜರ ಕಥೆಯಲ್ಲ. ಒಂದು ಕಾಯಿಲೆಗೂ, ಒಂದು ಪರೀಕ್ಷೆಗೂ, ಒಂದು ಔಷಧಿಗೂ ಇತಿಹಾಸವಿರುತ್ತದೆ. ಅದನ್ನು ತಿಳಿಯದಿದ್ದರೆ ನಷ್ಟವಾಗುವುದು ನಮಗೇ.

ಕಳೆದ ವರ್ಷ ನಮ್ಮ ಭಾಗದ ತಂದೆಯೊಬ್ಬರು ಒಂದು ಕಾಗದ ಹಿಡಿದು ನನ್ನ ಬಳಿಗೆ ಬಂದರು. ಅವರ ನಾಲ್ಕು ವರ್ಷದ ಮಗನಿಗೆ ಇನ್ನೂ ಮಾತು ಬಂದಿರಲಿಲ್ಲ. ಪಟ್ಟಣದಲ್ಲಿ ಯಾರೋ ಮಗುವಿನ ಕೂದಲು ಕತ್ತರಿಸಿ ಪರೀಕ್ಷೆಗೆ ಕಳುಹಿಸಿದ್ದರು. ಕಾಗದದ ತುಂಬ ಸೀಸ, ಪಾದರಸ, ಆರ್ಸೆನಿಕ್ ಎಂಬ ಹೆಸರುಗಳು, ಅವುಗಳ ಮುಂದೆ ಕೆಂಪು ಗೆರೆಗಳು. ಮೈಯೊಳಗಿನ ಲೋಹ ತೆಗೆಯಲು ಇಪ್ಪತ್ತು ಸಲೈನ್ ಹಾಕಿಸಬೇಕೆಂದು ಹೇಳಿದ್ದರಂತೆ. "ಮಾಸ್ತರ್ ಸಾಬ್, ಎಮ್ಮೆ ಮಾರಿ ಹಾಕಿಸಲೇನ್ರಿ?" ಎಂದು ಆ ತಂದೆ ಕೇಳಿದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜಗುಲಿಯ ಬಣ್ಣದಿಂದ ಆರಂಭ

ಮಕ್ಕಳಿಗೆ ಸೀಸದ ವಿಷ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ವೈದ್ಯ ಗಿಬ್ಸನ್ ಒಬ್ಬರು. 1904ರಲ್ಲಿ ಅವರು ಮನೆಗಳ ಜಗುಲಿಯ ಕಟಕಟೆಗೆ ಬಳಿದ ಬಣ್ಣವೇ ಇದಕ್ಕೆ ಕಾರಣವೆಂದು ಬರೆದರು. ಬಿಸಿಲಿಗೆ ಬಣ್ಣ ಪುಡಿಯಾಗುತ್ತಿತ್ತು, ಮಕ್ಕಳು ಅದನ್ನು ಮುಟ್ಟಿದ ಕೈಯನ್ನು ಬಾಯಿಗೆ ಇಡುತ್ತಿದ್ದರು. ವಿಷದ ಮೂಲ ಮನೆಯ ಅಂಗಳದಲ್ಲಿಯೇ ಇತ್ತು.

ಔಷಧಿ ಬಂದದ್ದು ಯುದ್ಧದಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆರ್ಸೆನಿಕ್ ಇರುವ 'ಲೂಯಿಸೈಟ್' ಎಂಬ ವಿಷಾನಿಲಕ್ಕೆ ಪ್ರತಿಮದ್ದು ಹುಡುಕಲು ಆಕ್ಸ್‌ಫರ್ಡಿನಲ್ಲಿ ರುಡಾಲ್ಫ್ ಪೀಟರ್ಸ್ ಮತ್ತು ಸಂಗಡಿಗರು ಶ್ರಮಿಸಿದರು. ಅವರು ಕಂಡುಹಿಡಿದ ಮದ್ದಿಗೆ 'ಬಾಲ್' ಎಂದು ಹೆಸರಾಯಿತು. ಇಂತಹ ಚಿಕಿತ್ಸೆಗೆ 'ಕೀಲೇಶನ್' ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಇದರ ಮೂಲ ಪದಕ್ಕೆ ಏಡಿಯ ಇಕ್ಕಳ ಎಂದರ್ಥ. ಏಡಿ ತನ್ನ ಇಕ್ಕಳದಲ್ಲಿ ಹಿಡಿದಂತೆ ಔಷಧಿಯು ಲೋಹವನ್ನು ಹಿಡಿದು ಮೂತ್ರದ ಮೂಲಕ ಹೊರಗೆ ಹಾಕುತ್ತದೆ. ಮುಂದೆ 'ಇಡಿಟಿಎ' ಬಳಕೆಗೆ ಬಂತು. 1991ರಲ್ಲಿ ಮಕ್ಕಳು ಬಾಯಿಯಿಂದ ಸೇವಿಸುವ 'ಸಕ್ಸಿಮರ್' ಎಂಬ ಔಷಧಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಔಷಧಿಯ ಶಕ್ತಿ, ಔಷಧಿಯ ಮಿತಿ

ಹಾಗಾದರೆ ಸ್ವಲ್ಪ ಸೀಸವಿದ್ದರೂ ಔಷಧಿ ಕೊಟ್ಟುಬಿಡೋಣವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದಲ್ಲಿ 780 ಪುಟ್ಟ ಮಕ್ಕಳ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಅವರ ಪ್ರತಿ ಡೆಸಿಲೀಟರ್ ರಕ್ತದಲ್ಲಿ 20ರಿಂದ 44 ಮೈಕ್ರೋಗ್ರಾಂ ಸೀಸವಿತ್ತು. 2001ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಕ್ಸಿಮರ್ ರಕ್ತದ ಸೀಸವನ್ನು ಇಳಿಸಿತು, ಆದರೆ ಮಕ್ಕಳ ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಯಾವ ಲಾಭವೂ ಕಾಣಲಿಲ್ಲ. ಆಗಿಹೋದ ಹಾನಿಯನ್ನು ಔಷಧಿ ಹಿಂದಕ್ಕೆ ತರುವುದಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೀಡಿದ ಮಾರ್ಗಸೂಚಿಯೂ ಇದೇ ದಾರಿಯಲ್ಲಿದೆ: 5 ಮೈಕ್ರೋಗ್ರಾಂ ಅಥವಾ ಹೆಚ್ಚು ಇದ್ದರೆ ಸೀಸದ ಮೂಲವನ್ನು ಹುಡುಕಿ ದೂರ ಮಾಡಬೇಕು. ಮಕ್ಕಳಿಗೆ ಕೀಲೇಶನ್ ಸಲಹೆ ಮಾಡಿರುವುದು 45 ಅಥವಾ ಅದಕ್ಕಿಂತ ಹೆಚ್ಚು ಇದ್ದಾಗ.

ಈ ಮಿತಿಯನ್ನು ಮೀರಿ, ಆಟಿಸಂ ಇರುವ ಮಕ್ಕಳಿಗೂ ಕೀಲೇಶನ್ ಮಾಡಿದರೆ ಗುಣವಾಗುತ್ತದೆ ಎಂಬ ಪ್ರಚಾರ ಹಬ್ಬಿತು. ಅದಕ್ಕೆ ಆಧಾರವಿಲ್ಲ. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಬಾಲಕನೊಬ್ಬ ಈ ಚಿಕಿತ್ಸೆಯಲ್ಲಿಯೇ ಮರಣ ಹೊಂದಿದ. ಕ್ಯಾಲ್ಸಿಯಂ ಸೇರಿದ ಇಡಿಟಿಎ ಬದಲು ಸೋಡಿಯಂ ಇಡಿಟಿಎ ಕೊಟ್ಟದ್ದರಿಂದ ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯ ನಿಂತಿತು. ಏಡಿಯ ಇಕ್ಕಳಕ್ಕೆ ಬೇಕಾದದ್ದು, ಬೇಡವಾದದ್ದು ಎಂಬ ಭೇದ ಪೂರ್ತಿ ತಿಳಿಯದು.

ಆದರೆ ಔಷಧಿಯನ್ನೇ ದೂರುವುದೂ ತಪ್ಪು. 2010ರಲ್ಲಿ ಮುಸ್ಲಿಮರೇ ಹೆಚ್ಚಾಗಿರುವ ನೈಜೀರಿಯಾದ ಜಂಫಾರಾ ಪ್ರಾಂತ್ಯದಲ್ಲಿ 400ಕ್ಕೂ ಹೆಚ್ಚು ಮಕ್ಕಳು ಸೀಸದ ವಿಷದಿಂದ ತೀರಿಕೊಂಡರು. ಅಲ್ಲಿನ ಬಡವರು ಚಿನ್ನದ ಅದಿರನ್ನು ಊರೊಳಗೇ ಪುಡಿ ಮಾಡುತ್ತಿದ್ದರು. ಅದರಲ್ಲಿ ಸೀಸವೂ ಇತ್ತು. ಗಡಿಯಿಲ್ಲದ ವೈದ್ಯರ ಸಂಸ್ಥೆಯು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಸಕ್ಸಿಮರ್ ನೀಡಿ ಎಷ್ಟೋ ಜೀವ ಉಳಿಸಿತು. ಆದರೆ ಊರಿನ ವಿಷದ ಮಣ್ಣನ್ನು ತೆಗೆಸದೆ ಚಿಕಿತ್ಸೆಗೆ ಅರ್ಥವಿರಲಿಲ್ಲ. ಗುಣವಾದ ಮಗು ಅದೇ ಅಂಗಳದಲ್ಲಿ ಆಡಿದರೆ ಮತ್ತೆ ವಿಷವೇರುತ್ತದೆ.

ನಮ್ಮ ನಾಡು, ನಮ್ಮ ಸೀಮೆ

ಇದೆಲ್ಲ ಪರದೇಶದ ಮಾತು ಎನ್ನಬೇಡಿ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, 12 ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ 10 ಮೈಕ್ರೋಗ್ರಾಂ ಮೀರಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ವಿಷಯದಲ್ಲಿ ಜನಜಾಗೃತಿಗಾಗಿ ದುಡಿದರು. 2000ದಲ್ಲಿ ದೇಶದಾದ್ಯಂತ ಸೀಸಯುಕ್ತ ಪೆಟ್ರೋಲ್ ನಿಂತಿತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಬಂದದ್ದು 2016ರ ನಿಯಮದಿಂದ. ಬ್ರಿಸ್ಬೇನಿನ ವೈದ್ಯರು ಹೇಳಿ ಆಗಲೇ ನೂರು ವರ್ಷ ಕಳೆದಿತ್ತು!

ಇನ್ನು ನಮ್ಮ ಸೀಮೆ. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಕಂಡುಹಿಡಿದ ಬೀಡನ್ ಚಿನ್ನದ ಗಣಿಯ ಎಂಜಿನಿಯರ್ ಆಗಿದ್ದರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನ ಕಾಲದಿಂದ ಚಿನ್ನ ತೆಗೆಯುತ್ತಿದ್ದಾರೆ. ನಮ್ಮ ಭಾಗದಲ್ಲಿ ಚಿನ್ನವಿರುವ ಕಲ್ಲಿನಲ್ಲಿ ಆರ್ಸೆನಿಕ್ ಕೂಡ, ಅಂದರೆ ಉರ್ದುವಿನ 'ಸಂಖಿಯಾ' ಕೂಡ, ಇರುತ್ತದೆ. ಯಾದಗಿರಿ ಜಿಲ್ಲೆಯ ಮಂಗಳೂರು ಚಿನ್ನದ ಗಣಿ ಪ್ರದೇಶದ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲಿಯೇ ಅದು ಕಂಡುಬಂತು. ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವು ಅಲ್ಲಿನ ಜನರ ಚರ್ಮದ ಮೇಲಿನ ಗಾಯಗಳನ್ನು ದಾಖಲಿಸಿದೆ. ಇಂತಹ ಕಾಯಿಲೆಗೆ ಬಂಗಾಳದಲ್ಲಿ ಡಾ. ಗುಹ ಮಜುಂದಾರ್ ಅವರು ಸಕ್ಸಿಮರ್ ಕೊಟ್ಟು ನೋಡಿದ್ದರು. 1998ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅದು ಬರೀ ಹುಸಿಗುಳಿಗೆಗಿಂತ ಹೆಚ್ಚಿನ ಗುಣ ನೀಡಲಿಲ್ಲ. ಇಲ್ಲಿ ಮೊದಲ ಔಷಧಿ ಶುದ್ಧ ನೀರು.

ನಮ್ಮ ಮನೆಗಳನ್ನೂ ನೋಡಿಕೊಳ್ಳೋಣ. ಸುನ್ನತ್ ಎಂದು ಪ್ರೀತಿಯಿಂದ ಹಚ್ಚುವ ಸುರ್ಮಾದ ಬಗ್ಗೆ ನನಗೂ ಗೌರವವಿದೆ. ಆದರೆ ಪೇಟೆಯಲ್ಲಿ ಸಿಗುವ ಎಷ್ಟೋ ಸುರ್ಮಾಗಳು ಸೀಸದ ಕಲ್ಲಿನ ಪುಡಿ. 1968 ಮತ್ತು 1978ರಲ್ಲಿಯೇ ಬ್ರಿಟನ್ನಿನ ವೈದ್ಯರು ಸುರ್ಮಾದಿಂದ ಮಕ್ಕಳಿಗೆ ಸೀಸ ಸೇರುವುದನ್ನು ಬರೆದಿದ್ದಾರೆ. ಮಗು ಕಣ್ಣುಜ್ಜಿದ ಬೆರಳನ್ನು ಬಾಯಿಗೆ ಇಡುತ್ತದೆ. ಸಂಶಯವಿರುವ ಸುರ್ಮಾವನ್ನು ಮಕ್ಕಳಿಗೆ ಹಚ್ಚದಿರುವುದೇ ಕ್ಷೇಮ. ಲೋಹದ ಕುಶ್ತಾಗಳನ್ನೂ ಯಾರೋ ಹೇಳಿದರೆಂದು ಮಕ್ಕಳಿಗೆ ಕೊಡಬೇಡಿ. ಹಳೆಯ ಬ್ಯಾಟರಿ ಒಡೆಯುವ ಕೆಲಸದವರು ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಲಿ.

ಪರೀಕ್ಷೆಯ ಬಗ್ಗೆ ಒಂದು ಮಾತು. ಸೀಸಕ್ಕೆ ನಂಬಬಹುದಾದ ಪರೀಕ್ಷೆ ರಕ್ತನಾಳದಿಂದ ತೆಗೆದ ರಕ್ತದ್ದು. ಕೂದಲಿನ ಮೇಲೆ ಧೂಳು, ನೀರು, ಎಣ್ಣೆ ಎಲ್ಲವೂ ಕೂರುತ್ತವೆ. ಆ ಒಂದು ಕಾಗದ ನೋಡಿ ಮಗುವಿಗೆ ಚಿಕಿತ್ಸೆ ಆರಂಭಿಸಬಾರದು. ಕೆಲವರು ಮೊದಲು ಕೀಲೇಶನ್ ಔಷಧಿ ಕೊಟ್ಟು ಆಮೇಲೆ ಮೂತ್ರ ಪರೀಕ್ಷಿಸುತ್ತಾರೆ. ಔಷಧಿ ಎಳೆದು ತಂದ ಲೋಹದಿಂದ ಯಾರ ಅಂಕಿಯಾದರೂ ಏರಿಯೇ ಏರುತ್ತದೆ. ರಕ್ತಹೀನತೆಯಿರುವ ಮಗುವಿನ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ. ಆದ್ದರಿಂದ ಕಬ್ಬಿಣದ ಅಂಶವಿರುವ ಊಟವೂ ಒಂದು ರಕ್ಷಣೆ.

ಆ ತಂದೆಯ ಜೊತೆ ನಾನೂ ಮಕ್ಕಳ ವೈದ್ಯರ ಬಳಿಗೆ ಹೋದೆ. ರಕ್ತಪರೀಕ್ಷೆಯಲ್ಲಿ ಸೀಸ ಕಡಿಮೆಯೇ ಇತ್ತು. ಮಗುವಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ! ಈಗ ಶ್ರವಣಯಂತ್ರ ಹಾಕಿಕೊಂಡು 'ಅಬ್ಬಾ' ಎನ್ನುತ್ತಾನೆ. ಎಮ್ಮೆ ಕೊಟ್ಟಿಗೆಯಲ್ಲಿಯೇ ಇದೆ. ಆ ಸಲೈನ್‌ಗಳನ್ನು ಹಾಕಿಸಿದ್ದರೆ ಹಣವಷ್ಟೇ ಅಲ್ಲ, ಮಾತು ಕಲಿಯುವ ಅಮೂಲ್ಯ ತಿಂಗಳುಗಳೂ ಹೋಗುತ್ತಿದ್ದವು.

ಓದುಗರೇ, ಈ ಇತಿಹಾಸ ಕಲಿಸುವ ಕ್ರಮ ಸರಳವಾದದ್ದು: ಮೊದಲು ಸರಿಯಾದ ಪರೀಕ್ಷೆ, ನಂತರ ವಿಷದ ಮೂಲ ತೆಗೆಯುವುದು, ಅಗತ್ಯವಿದ್ದರೆ ಮಾತ್ರ ಆಸ್ಪತ್ರೆಯಲ್ಲಿ ಔಷಧಿ. ವಿದ್ಯಾರ್ಥಿಗಳೇ, ಇದನ್ನು ನಿಮ್ಮ ಮನೆಯಲ್ಲಿ ಅಮ್ಮೀ, ಅಬ್ಬಾ, ದಾದಿಯವರಿಗೆ ಓದಿ ಹೇಳಿ. ಅಲ್ಲಾಹನು ನಮ್ಮೆಲ್ಲರ ಮಕ್ಕಳಿಗೆ ಆರೋಗ್ಯವನ್ನೂ, ನಮಗೆ ತಿಳುವಳಿಕೆಯನ್ನೂ ದಯಪಾಲಿಸಲಿ. ಆಮೀನ್.