ಬೀದಿಯ ಒಲೆಗೆ ನಿಲ್ಲುವ ಜಾಗ

ನಮ್ಮ ಕಚೇರಿಯ ಕಾಂಪೌಂಡಿನ ಹೊರಗೆ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಒಂದು ಸಣ್ಣ ಟೆಂಪೊ ಬಂದು ನಿಲ್ಲುತ್ತದೆ. ಅದರ ಒಂದು ಮಗ್ಗುಲಿನ ತಗಡನ್ನು ಮೇಲೆತ್ತಿ ಕೋಲು ಕೊಟ್ಟರೆ ಅಂಗಡಿ ಸಿದ್ಧ. ಒಳಗೆ ಗ್ಯಾಸಿನ ಒಲೆ, ಕಾವಲಿ, ಹಿಟ್ಟಿನ ಪಾತ್ರೆ. ದೋಸೆ ಹುಯ್ಯುವವನ ಒಂದು ಕಣ್ಣು ಕಾವಲಿಯ ಮೇಲಿದ್ದರೆ ಇನ್ನೊಂದು ರಸ್ತೆಯ ತಿರುವಿನ ಮೇಲಿರುತ್ತದೆ. ಗಾಡಿ ಎತ್ತಿಸುವ ಲಾರಿ ಕಂಡಿತೆಂದರೆ ತಗಡು ಕೆಳಗಿಳಿಯುತ್ತದೆ, ಅರ್ಧ ಬೆಂದ ದೋಸೆಯೊಡನೆ ಟೆಂಪೊ ಹೊರಟುಹೋಗುತ್ತದೆ. ಸರಕಾರಿ ನೌಕರರಾದ ನಾವು ತಟ್ಟೆ ಹಿಡಿದು ನಿಂತಿರುತ್ತೇವೆ: ನಿಯಮ ಬರೆಯುವವರ ಕಡೆಯವರೂ ನಾವೇ, ನಿಯಮ ಮೀರಿದವನ ಗಿರಾಕಿಗಳೂ ನಾವೇ. ಈ ಇಕ್ಕಟ್ಟು ಎಲ್ಲಿಂದ ಬಂತೆಂದು ಹಿಂದಿರುಗಿ ನೋಡಿದಾಗ ನಮಗೆ ಕಂಡ ಚರಿತ್ರೆ ಇದು.

ಮುಂಬಯಿಯಿಂದ ಆರಂಭಿಸೋಣ. ಆ ನಗರದ ಆಡಳಿತಕ್ಕೆ ಇಂದಿಗೂ ಆಧಾರವಾಗಿರುವುದು 1888ರ ಮುನಿಸಿಪಲ್ ಕಾರ್ಪೊರೇಷನ್ ಕಾಯಿದೆ. ರಸ್ತೆಯಿರುವುದು ಸಂಚಾರಕ್ಕೆ ಎಂಬುದು ಅದರ ಮೂಲ ತಿಳಿವಳಿಕೆ. ಪರವಾನಗಿಯಿಲ್ಲದೆ ಬೀದಿಯಲ್ಲಿ ಏನನ್ನೂ ಮಾರುವಂತಿಲ್ಲ; 314ನೆಯ ಕಲಮಿನ ಪ್ರಕಾರ ನೋಟೀಸು ಕೊಡದೆಯೂ ರಸ್ತೆಯ ಮೇಲಿನ ಸರಕನ್ನು ಎತ್ತಿಸುವ ಅಧಿಕಾರ ಕಮಿಷನರರಿಗಿದೆ. ಈ ಅಧಿಕಾರದ ವಿರುದ್ಧ ಬೀದಿ ವ್ಯಾಪಾರಿಗಳ ಸಂಘವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1985ರ ಜುಲೈ ತಿಂಗಳಲ್ಲಿ ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ಪೀಠವು ಕಾಯಿದೆಯನ್ನು ಎತ್ತಿಹಿಡಿಯಿತಾದರೂ, ವ್ಯಾಪಾರಕ್ಕೆ ಪ್ರತ್ಯೇಕ ವಲಯಗಳನ್ನು ಗುರುತಿಸಬೇಕೆಂದೂ ಹೇಳಿತು. ಆಗ ಒಪ್ಪಿಗೆ ಪಡೆದ ಷರತ್ತುಗಳು ಗಮನಾರ್ಹ: ಒಬ್ಬನಿಗೆ 1 ಮೀಟರ್ ಉದ್ದ, 1 ಮೀಟರ್ ಅಗಲದ ಜಾಗ, ಮೇಜು ಕೂಡದು, ಕೈಗಾಡಿ ಕೂಡದು. ಅಂದರೆ ವ್ಯಾಪಾರಕ್ಕೆ ಅನುಮತಿ ದೊರೆತ ದಿನವೇ ಚಕ್ರಕ್ಕೆ ನಿಷೇಧ ಬಂದಿತು.

ಎರಡನೆಯ ಅಧ್ಯಾಯ ನಡೆದದ್ದು ದೆಹಲಿಯಲ್ಲಿ. ಸಿದ್ಧ ಉಡುಪು ಮಾರುತ್ತಿದ್ದ ಸೋದನ್ ಸಿಂಗ್ ಎಂಬ ಬಡ ವ್ಯಾಪಾರಿಯ ಅರ್ಜಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಬಂದಿತು. ಪೀಠದ ಮುಖ್ಯಸ್ಥರು ಆಗಿನ ಮುಖ್ಯ ನ್ಯಾಯಮೂರ್ತಿ, ಮಂಡ್ಯ ಜಿಲ್ಲೆಯವರಾದ ಇ. ಎಸ್. ವೆಂಕಟರಾಮಯ್ಯನವರು. 1989ರ ಆಗಸ್ಟ್ 30ರಂದು ಹೊರಬಿದ್ದ ತೀರ್ಪು, ಬೀದಿ ವ್ಯಾಪಾರವು ಸಂವಿಧಾನದ 19(1)(ಜಿ) ವಿಧಿಯಡಿ ಮೂಲಭೂತ ಹಕ್ಕು ಎಂದು ಸಾರಿತು. ಜೊತೆಯಲ್ಲಿಯೇ, ಇಂಥದೇ ಜಾಗ ಬೇಕೆಂದು ಕೇಳುವ ಹಕ್ಕು ಯಾರಿಗೂ ಇಲ್ಲವೆಂದಿತು. ಕಾನೂನಿನ ದೃಷ್ಟಿಯಿಂದ ಇದರಲ್ಲಿ ವಿರೋಧವಿಲ್ಲ. ಆದರೆ ಬೆಳಗ್ಗೆ ಸರಕು ಹೊತ್ತು ಹೊರಟವನಿಗೆ ಹಕ್ಕು ಬೇರೆ, ಜಾಗ ಬೇರೆ ಎಂದು ತಿಳಿಹೇಳುವುದು ಸುಲಭವಲ್ಲ.

ಮೂರನೆಯದು ಒಲೆಯ ಪ್ರಶ್ನೆ. 2003ರ ಡಿಸೆಂಬರಿನಲ್ಲಿ ಮುಂಬಯಿಯ ವ್ಯಾಪಾರಿಗಳ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬೇಯಿಸಿದ ಆಹಾರವನ್ನು ಮಾರಬಹುದು, ಆದರೆ ಬೀದಿಯಲ್ಲಿ ಯಾವ ಬಗೆಯ ಅಡುಗೆಯನ್ನೂ ಮಾಡಕೂಡದು ಎಂದು ವಿಧಿಸಿತು. ಬೆಂಕಿಯ ಅಪಾಯವನ್ನೂ ಕೊಳೆಯನ್ನೂ ನೆನೆದರೆ ಈ ಮಾತು ನಿರಾಧಾರವೆನ್ನಲಾಗದು. ಧಾರಾವಿಯ ಮನೆಗಳಲ್ಲಿ ನಸುಕಿಗೇ ಇಡ್ಲಿ ಬೇಯಿಸಿಕೊಂಡು ಸೈಕಲ್ಲಿನ ಮೇಲೆ ಹೊತ್ತು ಮಾರುವವರಿಗೆ ಈ ನಿಯಮ ಹೊಂದಿಕೊಂಡಿತು. ದೋಸೆಯವನಿಗೆ, ವಡೆಯವನಿಗೆ ಹೊಂದಲಿಲ್ಲ. ಮನೆಯಲ್ಲಿ ಹುಯ್ದು ತಂದ ದೋಸೆಯನ್ನು ಕೊಳ್ಳುವವರು ಯಾರು?

ಇಲ್ಲಿ ನಾವು ಕನ್ನಡಿಗರು ಒಂದು ಮಾತನ್ನು ಮುಚ್ಚಿಡಬಾರದು. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರ ಕಥೆ ನಮ್ಮ ಹೆಮ್ಮೆ. ಆ ಹೋಟೆಲಿನ ಮಾಲೀಕರು ಬಾಡಿಗೆ, ತೆರಿಗೆ, ಹತ್ತಾರು ಪರವಾನಗಿಗಳ ಭಾರ ಹೊತ್ತವರು. ತಮ್ಮ ಬಾಗಿಲೆದುರಿಗೇ ಗಾಡಿ ನಿಲ್ಲಿಸಿ ಅರ್ಧ ಬೆಲೆಗೆ ಇಡ್ಲಿ ಮಾರಿದರೆ ಅವರಿಗೆ ನೋವಾಗುವುದು ಸಹಜ. ಮಾರುಕಟ್ಟೆಯಿಂದ 150 ಮೀಟರ್ ಒಳಗೆ ಬೀದಿ ವ್ಯಾಪಾರ ಕೂಡದೆಂಬ ಮುಂಬಯಿಯ ಷರತ್ತಿನಿಂದ ಅನುಕೂಲವಾದದ್ದು ಮಾರುಕಟ್ಟೆಯೊಳಗಿನ ಅಂಗಡಿಯವರಿಗೆ. ಹೋಟೆಲಿನವರೂ ಅಂಥದೇ ಅಂತರವನ್ನು ಬಯಸಿದರೆ ಆಶ್ಚರ್ಯವಿಲ್ಲ.

ಇದು ನಮ್ಮಲ್ಲಿಯ ಜಗಳ ಮಾತ್ರವೂ ಅಲ್ಲ. ಅಮೆರಿಕದ ಷಿಕಾಗೊ ನಗರದ 2012ರ ನಿಯಮಾವಳಿಯಂತೆ ಆಹಾರದ ಟ್ರಕ್ಕು ಯಾವ ಹೋಟೆಲಿನ ಬಾಗಿಲಿನಿಂದಲೂ 200 ಅಡಿಯೊಳಗೆ ನಿಲ್ಲುವಂತಿಲ್ಲ. ಎಲ್ಲಿದೆಯೆಂದು ತಿಳಿಸುವ ಜಿಪಿಎಸ್ ಯಂತ್ರ ಗಾಡಿಯಲ್ಲಿರಬೇಕು. ಟ್ರಕ್ಕಿನವರು ದಾವೆ ಹೂಡಿದರು. 2019ರಲ್ಲಿ ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು, ಆಸ್ತಿ ತೆರಿಗೆ ಕೊಟ್ಟು ಒಂದೆಡೆ ನೆಲೆನಿಂತ ಹೋಟೆಲುಗಳ ಹಿತ ಕಾಯಲು ನಗರಕ್ಕೆ ಅಧಿಕಾರವಿದೆಯೆಂದು ನಿಯಮವನ್ನು ಎತ್ತಿಹಿಡಿಯಿತು. ನಿಂತವನಿಗೂ ಅಲೆಯುವವನಿಗೂ ನಡುವಣ ಈ ವ್ಯಾಜ್ಯ ದೇಶಭೇದವನ್ನು ಅರಿಯದು.

ನಮ್ಮಲ್ಲಿ ಇದಕ್ಕೊಂದು ಉತ್ತರ ಬರೆದಿಟ್ಟಾಗಿದೆ. 2014ರ ಮೇ 1ರಂದು ಜಾರಿಗೆ ಬಂದ ಬೀದಿ ವ್ಯಾಪಾರಿಗಳ ಕಾಯಿದೆಯು ಜಾಗದ ವಿಷಯವನ್ನು ಪಟ್ಟಣ ವ್ಯಾಪಾರ ಸಮಿತಿಯ ಮುಂದಿಟ್ಟಿತು. ಸಮಿತಿಯಲ್ಲಿ ಕನಿಷ್ಠ ಶೇಕಡ 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು. ಊರೂರು ಅಲೆದು ಮಾರುವವರನ್ನೂ ಕಾಯಿದೆ ನೆನೆಯಿತು. ಟೆಂಪೊದೊಳಗಿನ ಅಡುಗೆಮನೆಯನ್ನು ಮಾತ್ರ ಹೆಸರಿಸಲಿಲ್ಲ. ಆದ್ದರಿಂದ ಆಹಾರದ ನೋಂದಣಿ ಒಂದು ಕಡೆ, ವಾಹನದ ನೋಂದಣಿ ಆರ್‌ಟಿಒದಲ್ಲಿ, ನಿಲುಗಡೆಯ ಮಾತು ಪೊಲೀಸರಲ್ಲಿ, ವ್ಯಾಪಾರದ ಪ್ರಮಾಣಪತ್ರ ಸ್ಥಳೀಯ ಸಂಸ್ಥೆಯಲ್ಲಿ. ನಾಲ್ಕು ಮೇಜುಗಳ ನಡುವೆ ಓಡಾಡುವ ಕಡತದ ಗತಿಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು!

ಪಾದಚಾರಿಗಳಾಗಿ ನಮಗೂ ಕಾಲುದಾರಿ ಬೇಕು. ಶುಚಿಯಾದ ನೀರು, ಭದ್ರವಾದ ಸಿಲಿಂಡರು ಬೇಕು. ನಿಯಮವೇ ಬೇಡವೆಂದು ನಾವು ಹೇಳಲಾರೆವು. ನಮ್ಮ ತಕರಾರು ಇಷ್ಟೇ: ಈ ಚರಿತ್ರೆಯುದ್ದಕ್ಕೂ ಎಲ್ಲಿ ನಿಲ್ಲಬಾರದು ಎಂಬುದನ್ನು ಮೀಟರಿನಲ್ಲಿ, ಅಡಿಯಲ್ಲಿ ಅಳೆದು ಬರೆದಿದ್ದೇವೆ, ಎಲ್ಲಿ ನಿಲ್ಲಬಹುದು ಎಂಬುದನ್ನು ಮಾತ್ರ ಮುಂದಿನ ಸಮಿತಿಗೆ ಬಿಟ್ಟಿದ್ದೇವೆ. ನಮ್ಮ ಟೆಂಪೊದವನು ಒಮ್ಮೆ ಕೇಳಿದ್ದೂ ಅದನ್ನೇ: “ಸಾಹೇಬರೇ, ದಂಡ ಕಟ್ಟುತ್ತೇನೆ, ಶುಲ್ಕವನ್ನೂ ಕಟ್ಟುತ್ತೇನೆ. ಯಾವ ಜಾಗಕ್ಕೆ ಕಟ್ಟಬೇಕೆಂದು ಹೇಳಿ.” ಅವನು ಕೊಟ್ಟ ಚಟ್ನಿಯನ್ನು ಎರಡನೆಯ ಸಲ ಹಾಕಿಸಿಕೊಂಡೆವೇ ಹೊರತು ಉತ್ತರ ಕೊಡಲಾಗಲಿಲ್ಲ.